ಸುಣ್ಣದಕ್ಕನ ನಾನೂರು ಮೀಟರ್

ಕ್ರೀಡಾಕೂಟದ ದಿನ, ಬೆಳಗಿನ ಐದೂಕಾಲು. ಕಾಲೇಜು ಮೈದಾನದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಆದರೂ ತಿರುವಿನ ಹತ್ತಿರ ಒಂದು ಬಿಳಿ ಗೆರೆ ತನ್ನಷ್ಟಕ್ಕೆ ಉದ್ದವಾಗುತ್ತಿರುವುದು ಕಾಣುತ್ತದೆ. ಹತ್ತಿರ ಹೋದರೆ ಗೆರೆಯ ತುದಿಯಲ್ಲೊಂದು ಪುಟ್ಟ ತಳ್ಳುಗಾಡಿ, ಅದರ ಹಿಂದೆ ಸೊಂಟ ಬಗ್ಗಿಸಿದ ಒಬ್ಬ ಹೆಂಗಸು. ತಲೆಗೆ ಟವೆಲ್, ಮೂಗಿಗೆ ಬಟ್ಟೆ, ರೆಪ್ಪೆಯ ಮೇಲೆಲ್ಲ ಸುಣ್ಣದ ಪುಡಿ. "ಅಲ್ಲೇ ನಿಲ್ಲಿ," ಎನ್ನುತ್ತಾರೆ ತಲೆ ಎತ್ತದೆ. "ನೀವು ಕಾಲಿಡೋಕೆ ಹೊರಟಿರೋದು ಮೂರನೇ ಲೇನಿನ ಗೆರೆ ಮೇಲೆ. ಈಗಷ್ಟೇ ಹಾಕಿದೀನಿ."

ನಾನು ಒಂದು ಕಾಲು ಎತ್ತಿಕೊಂಡೇ ನಿಲ್ಲುತ್ತೇನೆ. ನಮ್ಮ ಸಂದರ್ಶನ ಶುರುವಾಗುವುದು ಹೀಗೆ.

ಇವರನ್ನು ಇಡೀ ಕಾಲೇಜು ಕರೆಯುವುದು ಸುಣ್ಣದಕ್ಕ ಎಂದು. ಪ್ರಾಂಶುಪಾಲರಿಂದ ಹಿಡಿದು ನಿನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಯವರೆಗೆ ಎಲ್ಲರಿಗೂ ಆ ಹೆಸರೇ ಬಾಯಿಪಾಠ. ಹತ್ತೊಂಬತ್ತು ವರ್ಷದ ಹಿಂದೆ ಮೈದಾನ ಗುಡಿಸಲು ಬಂದವರು. ಆಗ ಟ್ರ್ಯಾಕಿಗೆ ಗೆರೆ ಹಾಕುತ್ತಿದ್ದ ವಯಸ್ಸಾದ ನೌಕರರೊಬ್ಬರು, ಹುಡುಗರ ಬಾಯಲ್ಲಿ ಗೆರೆ ತಾತ, ಇವರ ಪೊರಕೆ ಸಾಲು ನೇರವಾಗಿರುವುದನ್ನು ನೋಡಿ ಕೈಗೆ ದಾರದ ಉಂಡೆ ಕೊಟ್ಟರಂತೆ. ತಾತ ನಿವೃತ್ತಿಯಾದ ಮೇಲೆ ಕೆಲಸ ಇವರದೇ ಆಯಿತು. "ಗುಡಿಸಿದ್ದು ಸಂಜೆಗೆ ಮತ್ತೆ ಕಸ ಆಗುತ್ತೆ. ಗೆರೆ ಹಂಗಲ್ಲ, ಒಂದು ವಾರನಾದ್ರೂ ಇರುತ್ತೆ. ಅದಕ್ಕೇ ಒಪ್ಕೊಂಡೆ," ಎಂದು ನಗುತ್ತಾರೆ.

ಕೆಲಸ ನೋಡಲು ಸುಲಭ. ಮಾಡಿ ನೋಡಿದರೆ ಸೊಂಟ ಹಿಡಿಯುತ್ತದೆ. ಎಂಟು ಲೇನುಗಳಿಗೆ ಒಂಬತ್ತು ಗೆರೆ. ಒಳಗಿನ ಸುತ್ತು ನಾನೂರು ಮೀಟರ್, ಹೊರಹೊರಗೆ ಹೋದಂತೆ ಇನ್ನೂ ಉದ್ದ. ಒಟ್ಟು ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ದೂರ ಬಗ್ಗಿಕೊಂಡೇ ನಡೆಯಬೇಕು. ಅದಕ್ಕೂ ಮೊದಲು ಗೂಟ ನೆಡಬೇಕು, ದಾರ ಬಿಗಿಯಬೇಕು, ಆರು ಮೂಟೆ ಸುಣ್ಣ ಜರಡಿ ಹಿಡಿಯಬೇಕು. ಗಂಟು ಉಳಿದರೆ ಗಾಡಿಯ ಬಾಯಿ ಕಟ್ಟಿಕೊಳ್ಳುತ್ತದೆ. ಸುಣ್ಣಕ್ಕೆ ಸವೆದು ಸವೆದು ಬೆರಳ ತುದಿಗಳು ನುಣ್ಣಗಾಗಿವೆ. ಕಾಲೇಜಿಗೆ ಹೊಸದಾಗಿ ಬಂದಿರುವ ಹಾಜರಿ ಯಂತ್ರ ಇವರ ಹೆಬ್ಬೆಟ್ಟನ್ನು ಗುರುತಿಸುವುದೇ ಇಲ್ಲ. "ಮೂರು ಸಲ ಒತ್ತಿದ್ರೂ 'ನೀವು ಯಾರು' ಅನ್ನುತ್ತೆ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದೀನಪ್ಪಾ ಅಂತ ಅದಕ್ಕೆ ಹೇಳೋರು ಯಾರು?" ಈಗ ಇವರೊಬ್ಬರಿಗೆ ಮಾತ್ರ ಪುಸ್ತಕದಲ್ಲಿ ಸಹಿ.

ಇಷ್ಟೇ ಆಗಿದ್ದರೆ ಇವರು ಒಬ್ಬ ಒಳ್ಳೆಯ ಕೆಲಸಗಾರ್ತಿ ಅಷ್ಟೇ. ಆದರೆ ಸುಣ್ಣದಕ್ಕ ಈ ಕಾಲೇಜಿನ ಅತಿ ದೊಡ್ಡ ಕ್ರೀಡಾಭಿಮಾನಿ ಕೂಡ. ಕೂಟದ ದಿನ ಬೆಳಿಗ್ಗೆ ಏಳೂವರೆಗೆ ಕೆಲಸ ಮುಗಿದರೂ ಮನೆಗೆ ಹೋಗುವುದಿಲ್ಲ. ಖಾಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರೆ ಕೊನೆಯ ಓಟದವರೆಗೂ ಏಳುವುದಿಲ್ಲ. ಆ ಬಕೆಟ್ ಇರುವುದು ಗೆಲುವಿನ ಗೆರೆಯ ಬಳಿ ಅಲ್ಲ, ಮುನ್ನೂರನೇ ಮೀಟರಿನ ಬಳಿ. ಅಲ್ಲಿ ನೆರಳೂ ಇಲ್ಲ, ಜನವೂ ಇಲ್ಲ. ಯಾಕೆ ಅಲ್ಲಿ ಎಂದು ಕೇಳುತ್ತೇನೆ.

"ಹೊರಡುವಾಗ ಎಲ್ಲರೂ ಚಪ್ಪಾಳೆ ತಟ್ತಾರೆ. ಮುಟ್ಟುವಾಗಲೂ ತಟ್ತಾರೆ. ಕಾಲು ಕಲ್ಲಾಗೋದು ಇಲ್ಲಿ. ಇಲ್ಲಿ ಒಬ್ಬರಾದ್ರೂ 'ಕೈ ಬೀಸು, ಕೈ ಬೀಸು' ಅನ್ನೋರು ಬೇಕಲ್ವಾ?" ಗಾಡಿ ತಳ್ಳುತ್ತ ಸೇರಿಸುತ್ತಾರೆ. "ಮನೇಲೂ ಅಷ್ಟೇ. ಕೆಲಸ ಶುರು ಆದಾಗ ಮನೆ ತುಂಬ ಜನ. ಮುಗಿದಾಗಲೂ ಜನ. ಮಧ್ಯದಲ್ಲಿ ಯಾರು ಇದ್ರು ಅನ್ನೋದೇ ಲೆಕ್ಕ."

'ಕೈ ಬೀಸು' ಎಂಬ ಕೂಗು ಇವರ ಗಂಡನನ್ನೂ ಬಿಟ್ಟಿಲ್ಲ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸ್ವಭಾವದಲ್ಲಿ ನಿಧಾನ. ಅಂಗಡಿಗೆ ಹಾಲು ತರಲು ಹೊರಟರೆ ಬಾಗಿಲಲ್ಲಿ ನಿಂತು ಹೆಂಡತಿ ಕೂಗುತ್ತಾರೆ, ಬೀದಿಯವರೆಲ್ಲ ನಗುತ್ತಾರೆ. ಇನ್ನು ಅತ್ತೆ. ಸೊಸೆಗೆ ಯಾಕೆ ಸಂಬಳ ಕೊಡುತ್ತಾರೆ ಎನ್ನುವುದು ಬಹಳ ಕಾಲ ಅವರಿಗೆ ಅರ್ಥವೇ ಆಗಿರಲಿಲ್ಲವಂತೆ. "ಗೆರೆ ಎಳೆಯೋಕೂ ದುಡ್ಡು ಕೊಡ್ತಾರಾ? ಹಂಗಾದ್ರೆ ನಮ್ಮನೆ ಗೋಡೆ ತುಂಬ ಎಳೆದ ಮೊಮ್ಮಗಳಿಗೆ ಎಷ್ಟು ಕೊಡ್ಬೇಕು?" ಎಂದು ಕೇಳಿದ್ದರಂತೆ.

ಆ ಮನೆಯಲ್ಲಿ ನಾಲ್ಕು ಜನಕ್ಕೆ ಒಂದೇ ಬಚ್ಚಲು. ಬೆಳಿಗ್ಗೆ ದಿನವೂ ಜಗಳ. ಅದನ್ನು ಬಗೆಹರಿಸಿದ್ದು ಟ್ರ್ಯಾಕು. ನಾನೂರು ಮೀಟರ್ ಓಟದಲ್ಲಿ ಹೊರಗಿನ ಲೇನಿನವರು ಮುಂದೆ ನಿಂತು ಹೊರಡುವುದನ್ನು ನೀವು ನೋಡಿರಬಹುದು. ಗೊತ್ತಿಲ್ಲದವರಿಗೆ ಅದು ಅನ್ಯಾಯದಂತೆ ಕಾಣುತ್ತದೆ. ಹೊರಗಿನ ಸುತ್ತು ಉದ್ದ, ಅಷ್ಟು ಮುಂದೆ ಬಿಟ್ಟರೆ ಮಾತ್ರ ಎಲ್ಲರಿಗೂ ಓಟ ಒಂದೇ. ಸುಣ್ಣದಕ್ಕ ಇದನ್ನೇ ಬಚ್ಚಲಿಗೆ ತಂದರು. ದೂರದ ಶಾಲೆಗೆ ಹೋಗುವ ಮಗಳು ಮೊದಲು, ಡಿಪೋಗೆ ಹೋಗುವ ಗಂಡ ಆಮೇಲೆ, ಎಲ್ಲಿಗೂ ಹೋಗದ ಅತ್ತೆ ಕೊನೆಗೆ. ಸ್ವತಃ ಇವರು ನಾಲ್ಕು ಗಂಟೆಗೇ ಮುಗಿಸಿರುತ್ತಾರೆ. ಕೊನೆಗೆ ಹೋಗುವವರಿಗೆ ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ ಎಂಬ ನಿಯಮ ಇರುವುದರಿಂದ ಅತ್ತೆಯೂ ತಕರಾರು ತೆಗೆದಿಲ್ಲ.

ಇಷ್ಟು ಹೊತ್ತಿಗೆ ಬೆಳಕಾಗಿದೆ. ಸುಣ್ಣದಕ್ಕ ಗಾಡಿ ನಿಲ್ಲಿಸಿ ಅಳತೆ ಟೇಪನ್ನು ನನ್ನ ಕೈಗೆ ಕೊಡುತ್ತಾರೆ. "ನೀವು ಓದಿ. ಜೋರಾಗಿ ಓದಿ. ನಾನು ನೋಡಲ್ಲ."

ಈ ಪದ್ಧತಿಯ ಹಿಂದೆ ಒಂದು ಕಥೆಯಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಆಗಿದ್ದ ಟೇಪಿನ ಮೊದಲ ಒಂದು ಮೀಟರ್ ತುಂಡಾಗಿ ಹೋಗಿತ್ತು. ಹಾಗಾಗಿ ಒಂದರ ಗುರುತಿನಿಂದ ಹಿಡಿದು ಅಳೆದು, ಕೊನೆಯಲ್ಲಿ ಒಂದು ಕೂಡಿಸಿಕೊಳ್ಳಬೇಕಿತ್ತು. ಮರೆಯದಿರಲೆಂದು ಸುಣ್ಣದಕ್ಕ ಎಲ್ಲ ಲೇನಿಗೂ ಒಂದು ಕೂಡಿಸಿಯೇ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಕೂಟದ ಬೆಳಿಗ್ಗೆ ನಾಲ್ಕನೇ ಲೇನು ಅಳೆಯುವಾಗ ಫೋನು ಬಂತು. ಅತ್ತೆಯದು. "ಒಲೆ ಆರಿಸಿದ್ಯಾ, ಇಲ್ವಾ?" ಆರಿಸಿದೀನಿ ಅತ್ತೆ ಎಂದು ಹೇಳಿ ಫೋನಿಟ್ಟು, ಕೂಡಿಸಿದ್ದೆನೋ ಇಲ್ಲವೋ ಎಂದು ಮತ್ತೊಂದು ಕೂಡಿಸಿಬಿಟ್ಟರು. ನಾಲ್ಕನೇ ಲೇನಿನ ಹೊರಡುವ ಗೆರೆ ಒಂದು ಮೀಟರ್ ಮುಂದೆ ಬಿತ್ತು.

ಆ ಲೇನಿನಲ್ಲಿ ಓಡಿದವಳು ಮೊದಲ ವರ್ಷದ ಒಬ್ಬ ಸಣಕಲು ಹುಡುಗಿ. ಸುಣ್ಣದಕ್ಕನೇ ಅವಳಿಗೆ ಕಡ್ಡಿ ಎಂದು ಹೆಸರಿಟ್ಟವರು. ಕಡ್ಡಿ ಅಂದು ಗೆದ್ದಳು, ಹದಿನಾಲ್ಕು ವರ್ಷದ ಕಾಲೇಜು ದಾಖಲೆಯನ್ನೂ ಮುರಿದಳು. ಹಳೆಯದು ಅರವತ್ತು ಪಾಯಿಂಟ್ ಎಂಟು ಸೆಕೆಂಡು, ಇವಳದು ಅರವತ್ತು ಪಾಯಿಂಟ್ ಏಳು. ಹುಡುಗರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸುಣ್ಣದಕ್ಕನೂ ಬಕೆಟ್ ಬಡಿದರು.

ಆದರೆ ಇವರಿಗೊಂದು ಹುಚ್ಚು. ಕೂಟ ಮುಗಿದು ಜನ ಹೋದ ಮೇಲೆ ಎಲ್ಲ ಗೆರೆಗಳನ್ನೂ ಇನ್ನೊಮ್ಮೆ ಅಳೆಯುತ್ತಾರೆ. ಯಾರೂ ಹೇಳಿದ್ದಲ್ಲ, ಗೆರೆ ತಾತ ಮಾಡುತ್ತಿದ್ದರು, ಇವರೂ ಮಾಡುತ್ತಾರೆ. ನಾಲ್ಕನೇ ಲೇನಿನಲ್ಲಿ ಕೈ ನಿಂತಿತು. ಮೂರು ಸಲ ಅಳೆದರು. ಆಕಾಶದಲ್ಲಿ ಮೋಡ ಇತ್ತು, ಒಂದು ಮಳೆ ಬಂದಿದ್ದರೆ ಗೆರೆಯೂ ಇಲ್ಲ, ಸಾಕ್ಷಿಯೂ ಇಲ್ಲ. "ಮಳೆ ಬರಲಿ ಅಂತ ಒಂದು ನಿಮಿಷ ಅನ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ. ಆಮೇಲೆ ನೇರವಾಗಿ ಹೋಗಿ ಕ್ರೀಡಾ ವಿಭಾಗದ ಪಿ.ಡಿ. ಸರ್ ಬಳಿ ತಪ್ಪೊಪ್ಪಿಕೊಂಡರು. ಒಂದು ಮೀಟರ್ ಎಂದರೆ ಆ ವೇಗದಲ್ಲಿ ಅರ್ಧ ರೆಪ್ಪೆ ಬಡಿಯುವಷ್ಟು ಹೊತ್ತು, ಆದರೆ ದಾಖಲೆ ಮುರಿದ ಅಂತರ ಅದಕ್ಕಿಂತಲೂ ಕಡಿಮೆ. ದಾಖಲೆ ಉಳಿಯಲಿಲ್ಲ.

"ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ ಅಕ್ಕ. ಯಾಕೆ ಹೇಳಿದ್ರಿ?" ಎಂದು ಕಡ್ಡಿ ಅತ್ತಳಂತೆ. ನಾಲ್ಕು ತಿಂಗಳು ಹುಡುಗಿ ಮಾತು ಬಿಟ್ಟಳು. ಮನೆಯಲ್ಲಿ ಅತ್ತೆ, ತಾನು ಫೋನು ಮಾಡಿದ್ದಕ್ಕೇ ಹೀಗಾಯಿತು ಎಂದು ಕೊರಗಿದರು. ಅಂದಿನಿಂದ ಇಂದಿನವರೆಗೆ ಸೊಸೆ ಕೆಲಸದಲ್ಲಿರುವಾಗ ಒಮ್ಮೆಯೂ ಫೋನು ಮಾಡಿಲ್ಲ. ಕಳೆದ ವರ್ಷ ಹಾಲು ಉಕ್ಕಿ ಒಲೆ ಕೆಟ್ಟಾಗಲೂ ಮಾಡಲಿಲ್ಲ.

ಕಡ್ಡಿ ಮತ್ತೆ ಮಾತಾಡಿಸಿದ್ದು ಹೇಗೆ? ಅವಳನ್ನೇ ಕೇಳಿದೆ. ಅವಳು ಶೂ ದಾರ ಕಟ್ಟಿಕೊಳ್ಳುತ್ತ ಹೇಳುತ್ತಾಳೆ, "ಎಷ್ಟು ದಿನ ಸಿಟ್ಟು ಮಾಡೋಕಾಗುತ್ತೆ? ಬೆಳಗಾದ್ರೆ ಇವರು ಹಾಕಿದ ಗೆರೆ ಮೇಲೇ ಓಡ್ಬೇಕು. ಒಂದು ದಿನ ಸುಮ್ನೆ ಹೋಗಿ ಟೇಪಿನ ಇನ್ನೊಂದು ತುದಿ ಹಿಡ್ಕೊಂಡೆ. ಇವರು 'ಬಿಗಿಯಾಗಿ ಹಿಡಿ' ಅಂದ್ರು, ಅಷ್ಟೇ."

ಕಳೆದ ವರ್ಷ ಕಾಲು ನೋವಿನಿಂದ ಅವಳು ಓಡಲೇ ಇಲ್ಲ. ಈಗ ಕೊನೆಯ ವರ್ಷ, ಕೊನೆಯ ಕೂಟ. ದಾಖಲೆ ಬರುವುದಿದ್ದರೆ ಇಂದೇ ಬರಬೇಕು. ಓಡುವವಳೇ ಗೆರೆ ಅಳೆಯುವಂತಿಲ್ಲ ಎಂದು ಪಿ.ಡಿ. ಸರ್ ಹೇಳಿದ್ದರಿಂದ ಟೇಪಿನ ತುದಿ ನನ್ನ ಪಾಲಿಗೆ ಬಂದಿದೆ. ಟೇಪು ಹೊಸದು, ತುಂಡಾಗಿಲ್ಲ. ಓದುವವರು ಬೇರೆ, ಪುಸ್ತಕ ನೋಡುವವರು ಬೇರೆ ಎಂಬುದು ಈಗಿನ ನಿಯಮ. ಫೋನು ಆರಿಸಿ ಸುಣ್ಣದ ಮೂಟೆಯ ಹಿಂದೆ ಇಟ್ಟಾಗಿದೆ.

ಇನ್ನೊಂದು ನಿಯಮ ನನ್ನನ್ನು ಬೆರಗುಗೊಳಿಸುತ್ತದೆ. ಯಾರಿಗೆ ಯಾವ ಲೇನು ಎಂಬ ಚೀಟಿ ನಿನ್ನೆ ಸಂಜೆಯೇ ಎತ್ತಿದ್ದಾರೆ. ಸುಣ್ಣದಕ್ಕ ಕೇಳಿಲ್ಲ. ನನ್ನ ಜೇಬಿನಲ್ಲಿ ಪಟ್ಟಿ ಇದೆ ಎಂದಾಗ ಕೈ ಅಡ್ಡ ಹಿಡಿಯುತ್ತಾರೆ. "ಹೇಳ್ಬೇಡಿ. ಗೊತ್ತಾದ್ರೆ ಆ ಲೇನಲ್ಲಿ ಕೈ ನಡುಗುತ್ತೆ. ನಡುಗಿದ್ರೆ ಆ ಕಡೆಗೋ ಈ ಕಡೆಗೋ ಹೋಗುತ್ತೆ. ನನಗೆ ಅವಳು ಅಂದ್ರೆ ಪ್ರಾಣ, ಅದಕ್ಕೇ ಹೇಳ್ಬೇಡಿ."

ಆರನೇ ಲೇನಿಗೆ ಬರುತ್ತೇವೆ, ಅದರ ಹೊರಡುವ ಗೆರೆ ಎಷ್ಟು ಮುಂದಿರಬೇಕೆಂದು ಅಳೆಯಲು. ಬಾಗಿದ ಗೆರೆಯ ಗುಂಟ ಗೂಟದಿಂದ ಗೂಟಕ್ಕೆ ಟೇಪು ಹಿಡಿದು ಹೋಗುತ್ತೇನೆ. ಕಾಲೇಜಿನ ದಿನಗಳಲ್ಲಿ ನೂರು ಮೀಟರ್ ಓಟದಲ್ಲಿ ಎಂಟನೆಯವನಾಗಿ ಬಂದವನು ನಾನು, ಆ ದಿನವೂ ಗೆರೆಯನ್ನು ಇಷ್ಟು ಎಚ್ಚರದಿಂದ ನೋಡಿರಲಿಲ್ಲ. "ಮೂವತ್ತೇಳು ಮೀಟರ್ ಎಪ್ಪತ್ತು," ಎಂದು ಓದುತ್ತೇನೆ. "ಇನ್ನೊಂದ್ಸಲ," ಎನ್ನುತ್ತಾರೆ. ಮತ್ತೆ ಓದುತ್ತೇನೆ. ಸುಣ್ಣ ಬೀಳುತ್ತದೆ.

ಹನ್ನೊಂದು ಗಂಟೆ. ಮಹಿಳೆಯರ ನಾನೂರು ಮೀಟರ್. ಓಟಗಾರ್ತಿಯರು ತಮ್ಮ ತಮ್ಮ ಗೆರೆಗೆ ಬರುತ್ತಾರೆ. ಕಡ್ಡಿ ಆರನೇ ಲೇನಿಗೆ ಬಂದು ನಿಂತಾಗ ಬಕೆಟ್ ಮೇಲೆ ಕೂತ ಸುಣ್ಣದಕ್ಕ ನನ್ನ ಕಡೆ ತಿರುಗಿ ನೋಡುತ್ತಾರೆ. ನನಗೇ ಆರನೇ ಲೇನಿನ ಆ ಅಂಕಿ ಮನಸ್ಸಿನಲ್ಲಿ ಅಲುಗಾಡಲು ಶುರುವಾಗುತ್ತದೆ. ಎಪ್ಪತ್ತೋ, ಎಪ್ಪತ್ತೊಂದೋ?

ಗುಂಡಿನ ಸದ್ದು. ಇನ್ನೂರರವರೆಗೆ ಕಡ್ಡಿ ಮೂರನೆಯವಳು. ತಿರುವಿನಲ್ಲಿ ಇಬ್ಬರನ್ನೂ ದಾಟುತ್ತಾಳೆ. ಮುನ್ನೂರನೇ ಮೀಟರಿಗೆ ಬರುವಾಗ ಮುಖ ಬಿಳಿಚಿದೆ, ಹೆಗಲುಗಳು ಬಿಗಿದಿವೆ. ಸುಣ್ಣದಕ್ಕ ಎದ್ದು ನಿಂತು, ಡಿಪೋದಲ್ಲಿರುವ ಗಂಡನಿಗೂ ಕೇಳುವಂತೆ ಕೂಗುತ್ತಾರೆ, "ಕೈ ಬೀಸೇ, ಕೈ ಬೀಸು." ಹುಡುಗಿಯ ಕೈಗಳು ಮತ್ತೆ ಬೀಸತೊಡಗುತ್ತವೆ. ಕೊನೆಯ ನೂರು ಮೀಟರ್ ನಾನು ನೋಡಿದ್ದು ಅರ್ಧ ಮಾತ್ರ. ಉಳಿದರ್ಧ ನಾನೂ ಕೂಗುತ್ತಿದ್ದೆ.

ಮೂರು ಗಡಿಯಾರಗಳೂ ಒಂದೇ ಮಾತು ಹೇಳುತ್ತವೆ. ಅರವತ್ತು ಪಾಯಿಂಟ್ ಮೂರು.

ಮೈಕಿನವರು ಬಾಯಿ ತೆರೆಯುವಷ್ಟರಲ್ಲಿ ಸುಣ್ಣದಕ್ಕ ಟೇಪು ಹಿಡಿದು ಟ್ರ್ಯಾಕಿಗೆ ಇಳಿದಾಗಿದೆ. "ಅಕ್ಕ, ಸಂಜೆ ಅಳೆದರಾಯ್ತು," ಎಂದು ಪಿ.ಡಿ. ಸರ್ ನಗುತ್ತಾರೆ. ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ ಕಡ್ಡಿ ತಲೆಯಷ್ಟನ್ನೇ ಎತ್ತುತ್ತಾಳೆ. "ಈಗಲೇ ಅಳೀರಿ ಸರ್. ಅಳೆಯೋವರೆಗೂ ನಾನು ಏಳಲ್ಲ."

ಇಡೀ ಮೈದಾನ ಕಾಯುತ್ತದೆ. ಪಿ.ಡಿ. ಸರ್ ಮಂಡಿಯೂರಿ ಟೇಪು ಓದುತ್ತಾರೆ. ಸುಣ್ಣದಕ್ಕ ಪುಸ್ತಕದಿಂದ ಕಣ್ಣೆತ್ತುವುದಿಲ್ಲ. "ಮೂವತ್ತೇಳು ಎಪ್ಪತ್ತು." "ಇನ್ನೊಂದ್ಸಲ ಸರ್." "ಮೂವತ್ತೇಳು ಎಪ್ಪತ್ತು ಅಕ್ಕ, ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಆಮೇಲಿನ ಗದ್ದಲವನ್ನು ನಾನು ವರ್ಣಿಸುವುದಿಲ್ಲ. ಕಡ್ಡಿ ಓಡಿ ಬಂದು ತಬ್ಬಿದ ರಭಸಕ್ಕೆ ಸುಣ್ಣದ ಮೂಟೆ ಉರುಳಿ ಇಬ್ಬರೂ ಬೆಳ್ಳಗಾಗುತ್ತಾರೆ. ಅವಳ ಹೆಸರು ಇನ್ನು ಜಿಮ್ಮಿನ ಗೋಡೆಯ ದಾಖಲೆ ಹಲಗೆಗೆ ಏರುತ್ತದೆ. ಹಲಗೆಯ ಮೇಲೆ ಗೆರೆ ಹಾಕಿದವರ ಹೆಸರಿಗೆ ಜಾಗವಿಲ್ಲ. ಅದನ್ನು ಹೇಳಿದರೆ ಸುಣ್ಣದಕ್ಕ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ. "ಸುಣ್ಣ ಬಿತ್ತು ಕಣ್ಣಿಗೆ," ಎನ್ನುತ್ತಾರೆ. ನಾನು ನಂಬುವುದಿಲ್ಲ.

ಮೂಟೆಯ ಹಿಂದಿನಿಂದ ಫೋನು ತೆಗೆದು, ಒರೆಸಿ, ಮನೆಗೆ ಕರೆ ಮಾಡುತ್ತಾರೆ. ಆ ಕಡೆಯಿಂದ ವಯಸ್ಸಾದ, ಗಾಬರಿಯ ದನಿ ನನಗೂ ಕೇಳಿಸುತ್ತದೆ. ಕೆಲಸದ ಹೊತ್ತಲ್ಲಿ ಫೋನು ಯಾಕೆ ಮಾಡಿದೆ, ಮತ್ತೇನಾದರೂ ತಪ್ಪಾಯಿತಾ ಎಂದು ಕೇಳುತ್ತಿದೆ.

"ಏನೂ ತಪ್ಪಾಗಿಲ್ಲ ಅತ್ತೆ," ಎನ್ನುತ್ತಾರೆ ಸುಣ್ಣದಕ್ಕ. "ನಮ್ಮ ಹುಡುಗಿ ಗೆದ್ಲು. ಓಡಿದ್ದು ನಾನೂರಕ್ಕೆ ನಾನೂರು."