ದೊಡ್ಡ ಸಿಸ್ಟರ್ ಓದಲಾಗದ ಸಾಲು

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಒಮ್ಮೆ ಕೆಮ್ಮಿದರೆ ಸಾಕು, ಅಳುವ ಕೂಸೂ ಗಪ್‌ಚಿಪ್ ಎಂದು ನರ್ಸುಗಳು ಬೆನ್ನ ಹಿಂದೆ ನಗುತ್ತಿದ್ದರು. ಡಾಕ್ಟರ್ ಮುಂದೆ ಮಾತ್ರ ಅವರು ಮೆತ್ತಗೆ. ಅಲ್ಲಿ ಎಲ್ಲರೆದುರು ಬೈಸಿಕೊಂಡು ಬಂದ ಸಿಟ್ಟನ್ನು ಆಯಾ ಮೇಲೆ ತೀರಿಸಿಕೊಳ್ಳುತ್ತಿದ್ದರು. ಆಯಾ ಎದುರಾಡುವವಳಲ್ಲ.

ಆ ಆಯಾ ಹೋಗಿ ವರ್ಷವಾಯಿತು. ಆದರೂ ಒಗೆದ ಬೆಡ್‌ಶೀಟ್ ಇಡುವ ಕೋಣೆಯ ಮುಂದೆ ಹಾಯುವಾಗ ಒಳಗಿಂದ "ಬಂದೆ ಸಿಸ್ಟರ್" ಎಂಬ ದನಿ ದೊಡ್ಡ ಸಿಸ್ಟರ್ ಕಿವಿಗೆ ಬೀಳುತ್ತದೆ. ಅವರು ಈಗ ಅಲ್ಲಿಗೆ ಕಾಲಿಡುವುದಿಲ್ಲ. ಬೆಡ್‌ಶೀಟ್ ಬೇಕಾದರೆ ಹೊಸ ಆಯಾಳನ್ನು ಕಳಿಸುತ್ತಾರೆ. ಹೊಸ ಆಯಾ ಎಂದರೆ ಸತ್ತವಳ ಮಗಳೇ.

ವಾರಕ್ಕೊಮ್ಮೆ ಮಧ್ಯಾಹ್ನ ನರ್ಸುಗಳ ಕೋಣೆಯಲ್ಲಿ ಓದಿನ ಕೂಟ. ಲ್ಯಾಬಿನ ಹುಡುಗಿ ಶುರುಮಾಡಿದ್ದು. ಒಬ್ಬೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದಬೇಕು. ಆಮೇಲೆ ಮಾತು: ತುಳಿಸಿಕೊಂಡ ಹೆಣ್ಣೇ ಇನ್ನೊಬ್ಬ ಹೆಣ್ಣನ್ನು ಯಾಕೆ ತುಳಿಯುತ್ತಾಳೆ, ಹೆಣ್ಣುತನದ ಜೊತೆ ಬಡತನವೂ ಸೇರಿದರೆ ಪಾಡೇನು. "ಈ ಕೋಣೇಲಿ ಎಲ್ರೂ ಸಮ" ಎಂದು ಅವಳ ಕಟ್ಟಪ್ಪಣೆ ಬೇರೆ! ಹಾಗಾಗಿ ಹೊಸ ಆಯಾಳೂ ನರ್ಸುಗಳ ಜೊತೆ ಕೂರುತ್ತಾಳೆ.

ಅಂದಿನ ಕಥೆಯಲ್ಲಿ ಒಡತಿಯೊಬ್ಬಳು ಮೆಟ್ಟಿಲ ಮೇಲೆ ನಿಂತು ಕೆಲಸದವಳನ್ನು ಕೂಗುತ್ತಾಳೆ. ಆ ಪುಟ ದೊಡ್ಡ ಸಿಸ್ಟರ್ ಪಾಲಿಗೆ ಬಂತು. ಸರಾಗವಾಗಿ ಓದುತ್ತಿದ್ದವರಿಗೆ ಒಂದು ಸಾಲಿನ ಹತ್ತಿರ ನಾಲಿಗೆ ಹೊರಳಲಿಲ್ಲ. "ಎಲ್ಲಿ ಸತ್ತೆಯೇ?"

ಮನೆಮನೆಯಲ್ಲಿ ಆಡುವ ಮಾತು. ಯಾರೂ ಸಾಯಲಿ ಎಂದು ಹಾಗೆ ಕೂಗುವುದಿಲ್ಲ. ಆದರೆ ಹಳೆ ಆಯಾ ಸತ್ತ ದಿನ, ಕರೆದರೂ ಬಾರದ ಅವಳನ್ನು ದೊಡ್ಡ ಸಿಸ್ಟರ್ ವಾರ್ಡಿಗೆಲ್ಲ ಕೇಳುವಂತೆ ಹಾಗೇ ಕೂಗಿದ್ದರು, ಮತ್ತೆ ಮತ್ತೆ. ಅವಳು ಬೆಡ್‌ಶೀಟ್ ಕೋಣೆಯಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದಳು. ಆಗಿನ್ನೂ ಜೀವವಿತ್ತೋ, ಆ ಕೂಗು ಅವಳಿಗೆ ಕೇಳಿಸಿತೋ? ದೊಡ್ಡ ಸಿಸ್ಟರನ್ನು ಒಳಗೊಳಗೇ ತಿನ್ನುತ್ತಿರುವುದು ಇದೇ.

ಪುಸ್ತಕ ಮುಚ್ಚಿ ಆಯಾಳ ಮಗಳ ಕಡೆ ತಿರುಗಿದರು. "ನಿಮ್ಮಮ್ಮನ್ನ ಆವತ್ತು ನಾನು..."

"ಗೊತ್ತು ಸಿಸ್ಟರ್. ಮಣ್ಣು ಮಾಡಿದ ದಿನಾನೇ ವಾರ್ಡಿನೋರು ಹೇಳಿದ್ರು."

"ಮತ್ತೆ ಇಷ್ಟು ದಿನ ಯಾಕೆ ಹಾಗಂದ್ರಿ ಅಂತ ನನ್ನನ್ನ ಒಂದು ಮಾತೂ ಕೇಳ್ಲಿಲ್ವಲ್ಲೇ?"

ಹುಡುಗಿ ಲ್ಯಾಬಿನವಳ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಸಿಸ್ಟರ್. ನೀವೇ ತಾನೆ ಶಿಫಾರಸು ಮಾಡ್ಬೇಕು?"

ಕ್ಷಮೆ ಕೇಳಿಯೇ ಬಿಡೋಣವೆಂದು ದೊಡ್ಡ ಸಿಸ್ಟರ್ ಎದ್ದು ನಿಂತರು. ಕೇಳಿದರೆ ಈ ಹುಡುಗಿ ಕ್ಷಮಿಸಿದೆ ಎನ್ನಲೇಬೇಕು, ಅವಳಿಗೆ ಬೇರೆ ದಾರಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಅವರು ಕೇಳದೆ ಕೂತುಬಿಟ್ಟರು.