ಖಾಲಿ ಕಾರ್ಡಿನಲ್ಲಿ ಕಂಡ ಒಂದು ಸಾಲು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೇ ಪ್ಯಾರಾಕ್ಕೇ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಇಪ್ಪತ್ತೆಂಟು ವರ್ಷ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡವನು ನಾನು. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ಮಾಡಿದಂತೆ ಕಂಡರೆ ಅದು ನಮ್ಮದೇ ಪೆದ್ದುತನ ಎಂದು ಹುಡುಗರಿಗೆ ಬೈದುಕೊಂಡೇ ರಿಟೈರಾದವನು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನನಗೆ ಈರಣ್ಣ ಎಂಬ ಗೆಳೆಯನಿದ್ದ. ಗದಗಿನ ಕಡೆಯವನು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಕೆಲಸ. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವನಾದರೂ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಹುಚ್ಚು ನಮ್ಮಿಬ್ಬರನ್ನು ಸೇರಿಸಿತ್ತು. ಭಾನುವಾರ ಜಯನಗರದ ನಮ್ಮ ಮನೆಗೆ ಬಂದು ಕೂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಪುಟ್ಟ ಪರದೆ, ಅಂಗಿಯ ಗುಂಡಿಯಷ್ಟಿದ್ದ ಕೀಗಳು, ಒಂದು ಬ್ಯಾಟರಿ, ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಅದರಲ್ಲಿ ಲಿನಕ್ಸ್ ಓಡಿಸಿದ. ಅದಕ್ಕೊಂದು ಮೈಕು ಸಿಕ್ಕಿಸಿ ಮಗಳು ಗೌರಿಗೆ ಕಥೆ ಹೇಳಿ ರೆಕಾರ್ಡ್ ಮಾಡುತ್ತಿದ್ದ. ಅವನಿಗೆ ನೈಟ್ ಶಿಫ್ಟ್ ಇದ್ದ ದಿನ ಮಗು ಅದನ್ನು ಕೇಳಿಕೊಂಡೇ ಮಲಗುತ್ತಿತ್ತು.

ಮೂರು ವರ್ಷದ ಹಿಂದೆ ಜ್ವರವೆಂದು ಮಲಗಿದವನು ಒಂದೇ ವಾರದಲ್ಲಿ ಹೋಗಿಬಿಟ್ಟ. ಎರಡು ತಿಂಗಳಾದ ಮೇಲೆ ಅವನ ಹೆಂಡತಿ ಶಾಂತಾ ಆ ಡಬ್ಬಿ ಹಿಡಿದುಕೊಂಡು ಬಂದಳು. ಅದು ಆನ್ ಆಗುತ್ತಿರಲಿಲ್ಲ.

“ಅಣ್ಣಾರ, ಇದರಾಗ ಅವರ ದನಿ ಐತ್ರಿ. ಗೌರಿ ದಿನಾ ಕೇಳ್ತಾಳ. ಬ್ಯಾರೆ ಎಲ್ಲೂ ಇಲ್ರಿ.”

“ನಾಳೆ ಸಂಜೆ ಬಾಮ್ಮ, ಸರಿ ಮಾಡಿಟ್ಟಿರ್ತೀನಿ,” ಎಂದೆ, ಬಹಳ ಗತ್ತಿನಿಂದ.

ಮರುದಿನ ಮಧ್ಯಾಹ್ನ ಕೂತೆ. ಆ ಡಬ್ಬಿಯಲ್ಲಿ ಎಲ್ಲವೂ ಇರುವುದು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ. ಅದನ್ನು ತೆಗೆದಿಟ್ಟು, ಬೋರ್ಡು ಚೆನ್ನಾಗಿದೆಯೇ ಎಂದು ನೋಡಲು ಬೇರೊಂದು ಕಾರ್ಡಿಗೆ ಹೊಸ ಲಿನಕ್ಸ್ ಬರೆದು ಹಾಕಿದೆ. ಬೋರ್ಡು ಸರಿಯಿತ್ತು, ಕೆಟ್ಟಿದ್ದು ಕಾರ್ಡಿನೊಳಗಿನ ಲಿನಕ್ಸ್ ಮಾತ್ರ. ಆಮೇಲೆ ಕಥೆಗಳನ್ನು ನಕಲು ಮಾಡಿಕೊಳ್ಳಲು ಈರಣ್ಣನ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ನಮ್ಮಂಥವರಿಗೊಂದು ಚಾಳಿಯಿದೆ. ಹಿಂದೆ ಕೊಟ್ಟ ಆಜ್ಞೆಯನ್ನು ಮತ್ತೆ ಟೈಪ್ ಮಾಡುವುದಿಲ್ಲ, ಮೇಲ್ಬಾಣದ ಕೀಲಿ ಒತ್ತಿದರೆ ಅದೇ ಬರುತ್ತದೆ. ನಕಲಿನ ಆಜ್ಞೆಗೆ ಎರಡು ಸಲ ಒತ್ತಬೇಕಿತ್ತು, ಒಂದೇ ಸಲ ಒತ್ತಿ, ಕಣ್ಣು ಹಾಯಿಸದೆ ಎಂಟರ್ ಕೊಟ್ಟು ಕಾಫಿಗೆ ಎದ್ದುಹೋದೆ. ಬಂದು ನೋಡಿದರೆ ಈರಣ್ಣನ ಕಾರ್ಡಿನ ಮೇಲೆ ಹೊಸ ಲಿನಕ್ಸ್ ಬರೆದು ಮುಗಿದಿತ್ತು.

ಅಳಿದದ್ದನ್ನು ಹುಡುಕುವ ಸಾಧನಗಳನ್ನೆಲ್ಲ ಓಡಿಸಿದೆ. ಒಂದು ಕಥೆಯೂ ಸಿಗಲಿಲ್ಲ. ಮಗುವಿನ ಅಪ್ಪನನ್ನು ಎರಡನೇ ಸಲ ಕಳೆದವನು ನಾನೇ ಎನಿಸಿತು. ಬೇರೇನೂ ತೋಚದೆ ಆ ಕಾರ್ಡನ್ನು ಡಬ್ಬಿಗೆ ಹಾಕಿ ಆನ್ ಮಾಡಿದೆ. ಕಪ್ಪು ಪರದೆ ಬಂತು. ಚಾಳಿಯ ಬೆರಳು ತಾನಾಗಿ ಮೇಲ್ಬಾಣ ಒತ್ತಿತು. ಹೊಸದಾಗಿ ಬರೆದ ಕಾರ್ಡು, ಏನೂ ಬರಬಾರದು.

ಒಂದು ಸಾಲು ಬಂತು. ‘ಕಥೆ’ ಎಂಬ ಫೋಲ್ಡರನ್ನು ‘ಅಟ್ಟ’ ಎಂಬ ಯಂತ್ರಕ್ಕೆ ನಕಲು ಮಾಡು ಎಂಬುದು ಅದರ ಅರ್ಥ.

ಅಟ್ಟ ಎಂಬುದು ನನ್ನ ಹಳೆಯ ಕಂಪ್ಯೂಟರಿಗೆ ನಾನಿಟ್ಟ ಹೆಸರು. ಅದು ಈರಣ್ಣನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು, ಹೊರಗೆ ಒಳ್ಳೆಯ ಬಿಸಿಲು. ಆದರೂ ಮೈಮೇಲೆ ಮುಳ್ಳೆದ್ದವು. ಆ ಸಾಲನ್ನು ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಡಬ್ಬಿಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ಕೀಲಿ ಒತ್ತಿದರೆ ಏನೂ ಇಲ್ಲ.

ಸ್ಟೂಲು ಹತ್ತಿ, ಧೂಳು ಹಿಡಿದಿದ್ದ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆ. ಫೋಲ್ಡರು ಅಲ್ಲಿತ್ತು. ಅದರೊಳಗೆ ಮೂವತ್ತೊಂದು ಕಥೆಗಳು. ಯಾವುದೋ ಭಾನುವಾರ ಅವನೇ ಹಾಕಿಟ್ಟಿರಬೇಕು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸಾಲು?

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿ ಕೇಳಿದೆ. “ಕಾರ್ಡ್ ಪೂರ್ತಿ ಅಳಿಸಿರಲ್ಲ ಸಾರ್, ಹಳೇದು ಎಲ್ಲೋ ಉಳ್ಕೊಂಡಿರತ್ತೆ,” ಎಂದ. ಉಳಿದಿರಬಹುದು. ಆದರೆ ಹೊಸ ಲಿನಕ್ಸ್‌ಗೆ ಅದನ್ನು ಓದುವ ದಾರಿಯೇ ಇಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಸಂಜೆ ಶಾಂತಾ ಬರುವಷ್ಟರಲ್ಲಿ ಕಥೆಗಳನ್ನೆಲ್ಲ ಇನ್ನೊಂದು ಕಾರ್ಡಿಗೆ ತುಂಬಿ ಡಬ್ಬಿ ಸಿದ್ಧ ಮಾಡಿದ್ದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಅಳಿಸಿದ್ದು, ಸಾಲು ಕಂಡದ್ದು, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

“ಅಣ್ಣಾರ, ಇನ್ನೊಮ್ಮೆ ಅಳಿಸಿದ್ರ ಅವರು ಇನ್ನೊಂದು ಸಾಲು ಬರೀತಾರೇನ್ರಿ?”

ಇಲ್ಲಮ್ಮ ಎನ್ನಬೇಕಿತ್ತು. ಆ ಹಳೆಯ ಕಾರ್ಡು ನನ್ನ ಹತ್ತಿರವೇ ಇದೆ. ಮೂರು ಸಲ ಅಳಿಸಿ, ಹೊಸದಾಗಿ ಬರೆದು ನೋಡಿದ್ದೇನೆ. ಏನೂ ಬಂದಿಲ್ಲ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.