ಚೆಲ್ಲಿದ ಕಾಳೇ ಕೂಲಿ

ಮೊನ್ನೆ ಮನೆಗೆ ಹೊಸ ಜೋಳದ ಚೀಲ ಬಂತು. ಹೊಲಿಗೆ ಬಿಚ್ಚಿದೊಡನೆ ಗೋಣಿಯ ಆ ಒಣ ಘಾಟು ಮೂಗಿಗೆ ಬಡಿಯಿತು. ಯರಗಟ್ಟಿಯ ಕಾಳಿನ ಪೇಟೆ, ನಮ್ಮ ಪಕ್ಕದ ಮನೆಯ ಆಯಿ... ಚೀಲ ಹಾಗೇ ಬಿಟ್ಟು ಹೊರಗೆ ಕಟ್ಟೆಗೆ ಬಂದು ಕುಳಿತೆ.

ಆಯಿ ಅಲ್ಲಿ ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಕಸ ಗುಡಿಸಿ, ಕಾಳು ಹಸನು ಮಾಡುತ್ತಿದ್ದಳು. ಸಂಬಳವಿರಲಿಲ್ಲ. ನೆಲಕ್ಕೆ ಚೆಲ್ಲಿದ ಕಾಳೇ ಅವಳ ಕೂಲಿ. ಪೇಟೆಯ ರೂಢಿಯೇ ಹಾಗಿತ್ತು. ನಾನಾಗ ಬಿ.ಎ. ಓದುತ್ತಿದ್ದೆ. ಸಂಜೆ ಅವಳ ಜೊತೆ ಮನೆಗೆ ಹೋಗಲು ಅಲ್ಲೇ ಕಾಯುತ್ತ ಅರ್ಥಶಾಸ್ತ್ರ ಓದಿಕೊಳ್ಳುತ್ತಿದ್ದೆ. ಪುಸ್ತಕದ ಮೇಲೆ ಕೂತ ಧೂಳನ್ನು ಆಯಿ ಸೆರಗಿನಿಂದ ಒರೆಸಿ ಕೊಡುತ್ತಿದ್ದಳು. ಸರಕಿನ ಬೆಲೆಯೊಳಗೆ ದುಡಿದವರ ಶ್ರಮವೆಷ್ಟು, ಬಂದ ಆದಾಯದಲ್ಲಿ ಕೂಲಿಗೆಷ್ಟು, ಲಾಭಕ್ಕೆಷ್ಟು ಎಂಬ ಪಾಠವನ್ನು ಒಮ್ಮೆ ಅವಳಿಗೂ ಓದಿ ಹೇಳಿದೆ.

"ಕಸಬರಗಿ ಹಿಡದಾಕಿಗೆ ಎಷ್ಟ ಅಂತ ಬರದಾರ?"

"ಬರದಿಲ್ಲ ಆಯಿ."

"ಹಂಗಾರ ಅಂವ ಮನ್ಯಾಗ ಕುಂತ ಬರದಾನ ತಗೋ. ಪ್ಯಾಟಿಗಿ ಬಂದಿದ್ರ ನನ್ನ ಧೂಳಿಗಿ ಸೀನತಿದ್ದ!"

ಚೀಲ ಹೊರುವ ಹಮಾಲರೆಲ್ಲ ನಕ್ಕರು.

ಕಾಳು ಹೆಚ್ಚು ಸಿಗುತ್ತಿದ್ದದ್ದು ಆಳೆತ್ತರ ಮೀರಿ ಪೇರಿಸಿದ ಚೀಲಗಳ ಬುಡದಲ್ಲಿ. ಒಂದು ಸಂಜೆ ಕೆಳಗಿನ ಚೀಲವೊಂದು ಹರಿದು ಜೋಳ ಸುರಿಯುತ್ತಿತ್ತು. ಆಯಿ ಮೊರ ಹಿಡಿದು ಅತ್ತ ಹೋದಳು. ಮೇಲಿನ ಸಾಲು ಮೆಲ್ಲಗೆ ವಾಲುವುದು ಕಂಡು, "ಆಯೀ, ಹೊರಗ ಬಾ!" ಎಂದು ಕೂಗಿದೆ. ಬಂದಳು. ನಿಂತಳು... ಮತ್ತೆ ತಿರುಗಿ, ಅಲ್ಲೇ ಬಿಟ್ಟಿದ್ದ ತನ್ನ ಕಾಳಿನ ಗಂಟು ಎತ್ತಿಕೊಳ್ಳಲು ಬಾಗಿದಳು. ಓಡಿ ಕೈ ಚಾಚಿದೆ. ಬೆರಳಿಗೆ ಅವಳ ಕೈ ತಾಗಿತು, ಹಿಡಿತಕ್ಕೆ ಸಿಗಲಿಲ್ಲ. ಆಮೇಲೆ ಬರೀ ಧೂಳು...

ಹಮಾಲರು ಚೀಲಗಳನ್ನು ಎತ್ತಿ ಎಸೆದು ಅವಳನ್ನು ಹೊರತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ಪರಿಹಾರದ ಮಾತು ಬಂದಾಗ ಅಂಗಡಿಯ ಮಾಲೀಕರು, "ಆಕಿ ನಮ್ಮ ಆಳಲ್ರೀ. ನಾವೇನ ಪಗಾರ ಕೊಟ್ಟ ಇಟಗೊಂಡಿದ್ದಿಲ್ಲ" ಎಂದರು. ಅದು ಸುಳ್ಳೂ ಆಗಿರಲಿಲ್ಲ.

"ನಿಮ್ಮಾಕಿ ಅಲ್ಲಂದ್ರ ನಮ್ಮಾಕಿ ಬಿಡ್ರೀ ಸಾವ್ಕಾರ್ರ" ಎಂದ ಹಿರಿಯ ಹಮಾಲ. ದಿನದ ಹಮಾಲಿಯ ದುಡ್ಡನ್ನು ಸಂಜೆ ಸಮನಾಗಿ ಹಂಚಿಕೊಳ್ಳುವುದು ಅವರ ಪದ್ಧತಿ. ಅಂದು ಪಾಲು ಮಾಡುವಾಗ ಆಯಿಯನ್ನೂ ತಮ್ಮಲ್ಲೊಬ್ಬಳೆಂದು ಎಣಿಸಿದರು. ಆ ಪಾಲನ್ನು ಅವಳ ಮಗಳ ಉಡಿಗೆ ಹಾಕಿದರು.

ಈಗ ನಾನು ಸವದತ್ತಿಯ ಕಾಲೇಜಿನಲ್ಲಿ ಅದೇ ಅರ್ಥಶಾಸ್ತ್ರದ ಪಾಠ ಹೇಳುತ್ತೇನೆ. ಆಯಿ ಇಲ್ಲ. ಪೇಟೆಯಲ್ಲಿ ಪೇರಿಸಿದ ಚೀಲಗಳ ಪಕ್ಕ ಹಾದುಹೋಗುವಾಗ, ನನಗೇ ತಿಳಿಯದೆ ಜೊತೆಗಿದ್ದವರ ಕೈಯನ್ನು ಬಿಗಿಯಾಗಿ ಹಿಡಿದುಬಿಟ್ಟಿರುತ್ತೇನೆ. "ನೋಯಾಕತ್ತೈತ್ರೀ, ಬಿಡ್ರೀ" ಎಂದರೂ ಬಿಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ.